ಅರ್ಧ ಮಾತ್ರೆ

"ಅತ್ತೆ! ಏನ್ ಮಾಡ್ತಿದ್ದೀರಾ...?"

ಸೊಸೆ ಗಗನಾಳ ದನಿಗೆ ಬೆಚ್ಚಿದ ಮೀನಾಕ್ಷಮ್ಮನ ಕೈಯಲ್ಲಿದ್ದ ಅಡಕತ್ತರಿ ಕೆಳಗೆ ಬಿತ್ತು. ಒಲೆಕಟ್ಟೆಯ ಮೇಲೆ, ದಿನಾ ಅವಳೇ ಮಗ ದುಶ್ಯಂತನಿಗೆ ಕೊಡುವ ಶುಗರ್ ಮಾತ್ರೆ ಎರಡು ಹೋಳಾಗಿತ್ತು. ಆರು ತಿಂಗಳಿಂದ ಗಂಡನ ಸಕ್ಕರೆ ಇಳಿಯುತ್ತಿಲ್ಲ, ಹೊರಗೆ ಕದ್ದು ಸಿಹಿ ತಿನ್ನುತ್ತಾನೆ ಎಂದು ಆ ಹುಡುಗಿ ಆಡದ ಜಗಳವಿರಲಿಲ್ಲ. ಈಗ ನೋಡಿದರೆ ಅಪರಾಧಿ ಅಡುಗೆಮನೆಯಲ್ಲೇ ನಿಂತಿದ್ದಳು!

"ಪೂರ್ತಿ ನುಂಗ್ಸಿ ಇವನನ್ನೂ ಮಣ್ಣಿಗಿಡ್ಲೇನೇ?" ಮೀನಾಕ್ಷಮ್ಮ ಸಿಡಿದಳು. "ನಿಮ್ಮಾವ ಹದಿನಾರು ವರ್ಷ ಇದೇ ಮಾತ್ರೆ ತಿಂದ್ರು. ಕೊನೆಗೆ ಕಿಡ್ನಿ ಹೋಯ್ತು. ಇದೇ ಕೈಯಲ್ಲಿ ಕೊಟ್ಟಿದ್ದು ಕಣೇ ನಾನು... ಇದೇ ಕೈಯಲ್ಲಿ!"

ಗಂಡ ನಂಜುಂಡಪ್ಪ ತೀರಿಕೊಂಡು ಎರಡು ವರ್ಷವಾದರೂ ಮೀನಾಕ್ಷಮ್ಮನ ಪಾಲಿಗೆ ಹೋಗಿರಲಿಲ್ಲ. ಹಾಡಹಗಲೇ, ಸಾರಿಗೆ ಒಗ್ಗರಣೆ ಹಾಕುವಾಗ ಆ ದನಿ ಕೇಳುತ್ತಿತ್ತು: "ಮೀನಾ, ಕಾಲು ಉರೀತದೆ ಕಣೇ... ಒಂಚೂರು ನೀರು ಹಾಕು." ಚೆಂಬು ಹಿಡಿದು ಓಡುತ್ತಿದ್ದಳು. ಮಂಚ ಖಾಲಿ. ಆದರೂ ಬರಿ ನೆಲಕ್ಕೇ ನೀರು ಸುರಿದು ಬರುತ್ತಿದ್ದಳು. ವಯಸ್ಸಾದವರ ಮರೆವೆಂದು ಸೊಸೆ ಸುಮ್ಮನೆ ಒರೆಸುತ್ತಿದ್ದಳು.

ಗಗನಾ ಬಿಡಲಿಲ್ಲ. ಅಂದೇ ಗಂಡನನ್ನೂ ಅತ್ತೆಯನ್ನೂ ಚೌಳಹಿರಿಯೂರಿನಿಂದ ಕಡೂರಿಗೆ ಕರೆತಂದು ಡಾಕ್ಟರ್ ಶ್ರುತಿಯ ಮುಂದೆ ಕೂರಿಸಿದಳು. ಎಲ್ಲ ಕೇಳಿಯೂ ಡಾಕ್ಟರು ಗದರಲಿಲ್ಲ. ಗದರಿದ್ದರೇ ಚೆನ್ನಾಗಿತ್ತು.

"ಅಮ್ಮಾ, ಈ ಮಾತ್ರೆ ವರ್ಷಗಟ್ಟಲೆ ತಗೊಂಡ್ರೂ ಕಿಡ್ನಿ ಹಾಳಾಗಲ್ಲ. ಹಾಳು ಮಾಡೋದು ರಕ್ತದಲ್ಲಿ ಏರಿದ ಸಕ್ಕರೆ. ವರ್ಷಕ್ಕೊಂದ್ಸಲ ಕಿಡ್ನಿ ಟೆಸ್ಟ್ ಮಾಡಿಸ್ಬೇಕು, ಬಿ-ಹನ್ನೆರಡು ವಿಟಮಿನ್ ಕಮ್ಮಿಯಾಗಿದ್ಯಾ ನೋಡ್ಬೇಕು. ಕಿಡ್ನಿ ಸೊರಗಿದ್ರೆ ಡೋಸು ನಾವೇ ಬದಲಾಯಿಸ್ತೀವಿ. ನಿಮ್ಮ ಯಜಮಾನ್ರು ಸರಿಯಾಗಿ ತಗೋತಿದ್ರಾ?"

ಅರ್ಧ ಮಾತ್ರೆಯೇ ಇಷ್ಟು ಮಾಡಿತು, ಪೂರ್ತಿ ಕೊಟ್ಟಿದ್ದರೆ ಇನ್ನೂ ಬೇಗ ಹೋಗುತ್ತಿದ್ದರು ಎಂದು ತನಗೆ ತಾನೇ ಹೇಳಿಕೊಂಡು ಮೀನಾಕ್ಷಮ್ಮ ಈ ಎರಡು ವರ್ಷ ಉಸಿರು ಹಿಡಿದಿದ್ದಳು.

"ಆಚೆಮನೆ ಸಾವಿತ್ರಮ್ಮ ಕಿಡ್ನಿ ಹೋಗ್ತದೆ ಅಂದ್ಲು... ಕಡೇ ಎಂಟು ವರ್ಷ ಅವ್ರಿಗೂ ಅರ್ಧನೇ ಕೊಟ್ಟೆ. ಉಳಿದಿದ್ದು ತೆಂಗಿನ ಬುಡಕ್ಕೆ ಹಾಕ್ದೆ. ಡಾಕ್ಟ್ರು ಡೋಸು ಜಾಸ್ತಿ ಮಾಡ್ದಾಗ್ಲೂ ಕತ್ತರಿಸ್ದೆ... ಉಳೀಲಿ ಅಂತ ಕಣಪ್ಪಾ ದುಶ್ಯಂತ... ನಿಮ್ಮಪ್ಪ ಉಳೀಲಿ ಅಂತ!"

ದುಶ್ಯಂತ ಗೋಡೆಯ ಕಡೆ ಮುಖ ತಿರುಗಿಸಿದ.

"ಅದೊಂದೇ ಕಾರಣ ಅಂತ ಈಗ ಯಾರೂ ಹೇಳೋಕಾಗಲ್ಲಮ್ಮ," ಎಂದರು ಡಾಕ್ಟರು.

"ಅಲ್ಲ ಅಂತಾನೂ ಹೇಳಾಕಾಗಲ್ವಲ್ಲ ತಾಯಿ..."

ಡಾಕ್ಟರು ಚೀಟಿಯಲ್ಲಿ 'ಇಡೀ ಮಾತ್ರೆ' ಎಂದು ಬರೆದು ಗಗನಾಳ ಕೈಗಿಟ್ಟರು.

ಮರುದಿನ ಬೆಳಿಗ್ಗೆ ಗಗನಾ ಮಾತ್ರೆ ತೆಗೆಯುತ್ತಿದ್ದಳು. "ಅಮ್ಮನೇ ಕೊಡ್ಲಿ," ಎಂದ ದುಶ್ಯಂತ.

ಮೀನಾಕ್ಷಮ್ಮ ಇಡೀ ಮಾತ್ರೆಯನ್ನು ಮಗನ ಅಂಗೈಗಿಟ್ಟಳು. ಅವನು ಅದನ್ನು ಬೆರಳಲ್ಲಿ ಹೊರಳಿಸಿ, ಎರಡೂ ಕಡೆ ನೋಡಿ, ಆಮೇಲೆ ಬಾಯಿಗೆ ಹಾಕಿಕೊಂಡ. ನಂಜುಂಡಪ್ಪ ಒಂದು ದಿನವೂ ಹಾಗೆ ನೋಡಿದವರಲ್ಲ. ತಾನು ನೋಡಿದ್ದು ತಾಯಿಗೆ ಕಂಡಿತೆಂದು ತಿಳಿದು ದುಶ್ಯಂತನ ಮುಖ ಸಣ್ಣಗಾಯಿತು.

"ನೋಡ್ಕೊಂಡೇ ನುಂಗು ಮಗಾ," ಎಂದಳು ಮೀನಾಕ್ಷಮ್ಮ, ನೀರಿನ ಲೋಟ ಮುಂದೆ ಹಿಡಿದು. "ದಿನಾ ನೋಡ್ಕೊಂಡೇ ನುಂಗು."