ತೇಲಿದ ಶ್ವಾಸಕೋಶ

ಆಸ್ಪತ್ರೆಯ ಲ್ಯಾಬಿನಲ್ಲಿ ಹದಿನೆಂಟು ವರ್ಷ ದುಡಿದವನು ನಾನು, ಹೆದರುಪುಕ್ಕಲನಲ್ಲ. ಆ ಬೆಳಗ್ಗೆ, ವೈರಸ್ ಜ್ವರದಿಂದ ಶ್ವಾಸಕೋಶ ಕಲ್ಲಾಗಿದ್ದ ಬಸ್ ಡ್ರೈವರೊಬ್ಬರಿಗೆ ರಾತ್ರಿಯೆಲ್ಲ ದಾನಿಯ ಶ್ವಾಸಕೋಶ ಜೋಡಿಸಿ, ಹಳೆಯವನ್ನು ನಮ್ಮಲ್ಲಿಗೆ ಕಳಿಸಿದರು. ಕೆಡದಂತೆ ಫಾರ್ಮಲಿನ್ ಜಾಡಿಗೆ ಹಾಕಿದೆ. ಒಳಗೆ ಗಾಳಿಯೇ ಇಲ್ಲದ ಅವು ಗುಂಡಿನಂತೆ ತಳ ಸೇರಿದವು.

ಊಟ ಮುಗಿಸಿ ಬಂದರೆ ಎರಡೂ ತೇಲುತ್ತಿದ್ದವು. ಜಾಡಿ ಮುಟ್ಟಿದೆ, ಜ್ವರದ ಮೈಯಂತೆ ಸುಡುತ್ತಿತ್ತು. ಗುಳ್ಳೆಯೊಂದು ಏಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಏಳುತ್ತಿತ್ತು.

ಐಸಿಯುಗೆ ಫೋನ್ ಮಾಡಿದೆ.

"ಸಿಸ್ಟರ್, ಆ ಡ್ರೈವರ್ ಇದಾರಾ?"

"ಅದೇನು ಮಾತು ಅಣ್ಣ! ಚೆನ್ನಾಗಿದಾರೆ, ಈಗಷ್ಟೇ ಕಣ್ಣು ಬಿಟ್ರು. ಯಾಕೆ ಕೇಳ್ತೀರಿ?"

ಫೋನ್ ಇಟ್ಟು, ಜಾಡಿಯ ಮುಚ್ಚಳ ಬಿಗಿದೆ.

ಮರುದಿನ ನಮ್ಮ ಡಾಕ್ಟರು ಅವನ್ನು ಕೊಯ್ದು, ಹಿಂಡಿ ನೋಡಿ, 'ಗಾಳಿಯ ಸುಳಿವಿಲ್ಲ' ಎಂದು ವರದಿ ಬರೆದರು. ಬರೆಯುವಾಗ ಅವರ ಕಣ್ಣೆದುರೇ ಜಾಡಿಯಲ್ಲಿ ಚೂರುಗಳೆಲ್ಲ ತೇಲುತ್ತಿದ್ದವು.