ಗುರುಗ್ರಹದ ಸೆರಗು

ಸೆರಗು ಕಂಡ ಕೂಡಲೇ ಉಜ್ವಲಾಗೆ ಅದು ತನ್ನದೆಂದು ತಿಳಿಯಿತು. ಬನಹಟ್ಟಿಯ ಕಾಮಣ್ಣನ ಸೀರೆ ಅಂಗಡಿಯಲ್ಲಿ ಒಂದೇ ನಮೂನೆಯ ಆರು ಸೀರೆ ತೂಗುತ್ತಿದ್ದವು. ಕೆನೆಬಣ್ಣದ ಪಟ್ಟೆ, ಇಟ್ಟಿಗೆಬಣ್ಣದ ಪಟ್ಟೆ, ನಡುವೆ ಸುಳಿಸುಳಿಯಾದ ಬಿರುಗಾಳಿಗಳು.

ಅದು ಗುರುಗ್ರಹ. ಜೂನೋ ಬಾಹ್ಯಾಕಾಶ ನೌಕೆ ಅಲ್ಲಿಂದ ಕಳಿಸುವ ಕಚ್ಚಾ ಚಿತ್ರಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ಬಣ್ಣ ಹೊಂದಿಸಬಹುದು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಉಜ್ವಲಾ ಮೂರು ವಾರ ಲ್ಯಾಪ್‌ಟಾಪಿನ ಮುಂದೆ ಕೂತು ಒಂದನ್ನು ಸಿದ್ಧ ಮಾಡಿದ್ದಳು. ಅದನ್ನು ನೇಕಾರ ಮಾಂತೇಶ ಒಬ್ಬನಿಗೇ ವಾಟ್ಸಾಪ್ ಮಾಡಿದ್ದಳು.

"ಮಾಂತೇಶನ ಹೊಸಾ ಡಿಜೈನ್ ರೀ, ಟೀಚರ್" ಎಂದ ಕಾಮಣ್ಣ.

ಅವಳು ಅಲ್ಲಿಂದ ನೆಟ್ಟಗೆ ಮಾಂತೇಶನ ಪವರ್‌ಲೂಮ್ ಶೆಡ್ಡಿಗೆ ನಡೆದಳು. ಅವಳನ್ನು ಕಂಡು ಅವನ ತುಟಿಗೆ ಬಂದ ನಗು ಅಲ್ಲೇ ನಿಂತಿತು. ಮಗ್ಗದ ಸ್ವಿಚ್ ಆರಿಸಿದ.

"ಐದು ವರ್ಷ ಹಾರಿ ಗುರುಗ್ರಹ ಮುಟ್ಟೇತಿ ಆ ನೌಕೆ. ಮೂರು ವಾರ ನಾ ಕಣ್ಣು ಕೆಡಿಸಿಕೊಂಡೇನಿ. ನೀ ಒಂದ ಮಾತ ಕೇಳಲಿಲ್ಲ."

"ಒಂದ ಸೀರಿ ನಿನಗಂತ ನೇಯ್ದಿದ್ದೆ, ಉಜ್ವಲಾ. ಕಾಮಣ್ಣ ಮಾಮಾ ನೋಡಿ ಆರು ಬೇಕಂದ. ಒಲ್ಲೆ ಅನ್ನಾಕ ಆಗಲಿಲ್ಲ. ತಪ್ಪು ನಂದ."

"ಡಿಜೈನ್ ಯಾರ್ದಂತ ಅವ ಕೇಳಿದಾಗ?"

ಅವನು ನೆಲ ನೋಡಿದ. "ಸುಮ್ಮನಿದ್ದೆ."

"ಸುಮ್ಮನಿದ್ದಿ. ಯಾರಿಗೂ ತೋರಿಸದ್ದು ನಿನಗೊಬ್ಬಗ ಕಳಿಸಿದ್ದೆ. ಯಾಕಂತ ತಿಳೀಲಿಲ್ಲೇನು ನಿನಗ?"

ಬಾಯಿ ದಾಟಿದ ಮೇಲೆಯೇ ತಾನೇನು ಹೇಳಿದೆನೆಂದು ಅವಳಿಗೆ ಹೊಳೆದದ್ದು. ಕಿವಿ ಬಿಸಿಯಾದವು. ಅದಕ್ಕೂ ಅವನ ಮೇಲೇ ಸಿಟ್ಟು ಬಂತು. ಅವನು ಕಣ್ಣೆತ್ತಿದವನು ಇಳಿಸಲಿಲ್ಲ.

"ತಿಳಿದಿತ್ತು. ಅದಕ್ಕ ಸೀರಿ ನೇಯ್ದೆ. ಬಾಯಿಲೆ ಹೇಳಾಕ ಧೈರ್ಯ ಸಾಲಲಿಲ್ಲ."

"ಈಗ ಸಾಲತೈತೇನು? ನಡಿ ಅಂಗಡಿಗೆ."

ದಾರಿಯುದ್ದಕ್ಕೂ ಅವಳು ನಾಲ್ಕು ಹೆಜ್ಜೆ ಮುಂದೆ. ಅಂಗಡಿ ತುಂಬ ಗಿರಾಕಿಗಳು. ಮಾಂತೇಶ ಎಲ್ಲರಿಗೂ ಕೇಳುವಂತೆ ಹೇಳಿದ, "ಕಾಮಣ್ಣ ಮಾಮಾ, ಆ ಚಿತ್ರ ನಂದಲ್ಲ. ಉಜ್ವಲಾ ಮಾಡಿದ್ದು. ಕೇಳದ ತಗೊಂಡೇನಿ. ಸೀರಿ ವಾಪಸ್ ಕೊಡ್ರಿ."

"ಇನ್ನ ಮ್ಯಾಲೆ ನಿನ್ನ ಮಾಲು ನನ್ನ ಅಂಗಡ್ಯಾಗ ಬ್ಯಾಡ" ಎಂದು ಕಾಮಣ್ಣ ಸೀರೆಗಳನ್ನು ಅವನತ್ತ ಎಸೆದ. ಮಾಂತೇಶ ಎದುರಾಡದೆ ಬಗ್ಗಿ ಒಂದೊಂದಾಗಿ ಆರಿಸಿಕೊಂಡ.

ಹೊರಗೆ ಬಂದಾಗ ಸೀರೆಗಳು ಅವನ ತೋಳಿನಿಂದ ಜಾರುತ್ತಿದ್ದವು. ಅವಳು ಮೂರನ್ನು ಕಸಿದುಕೊಂಡು ಅವನ ಪಕ್ಕದಲ್ಲೇ ನಡೆದಳು.

"ಸಿಟ್ಟು ಹೋತೇನು?"

"ಇಲ್ಲ."

"ಯಾವಾಗ ಹೋಗತೈತಿ?"

ಅವಳು ಅವನ ಕಡೆ ನೋಡಲಿಲ್ಲ. "ಐತವಾರ ನಿಮ್ಮ ಅವ್ವನ್ನ ಕರಕೊಂಡು ನಮ್ಮ ಮನಿಗಿ ಬಾ. ಆಮ್ಯಾಲೆ ನೋಡೂಣು."