ಸಿಪ್ಪೆ ಇಲ್ಲದ ಆಲೂಗಡ್ಡೆ

೧೯೪೯ರ ಜನವರಿ. ರಷ್ಯನ್ನರು ಹೊರಗಿನಿಂದ ಬರುವ ರಸ್ತೆ, ರೈಲು, ಕಾಲುವೆ ಎಲ್ಲ ಮುಚ್ಚಿ ಏಳು ತಿಂಗಳಾಗಿತ್ತು. ಪಶ್ಚಿಮ ಬರ್ಲಿನ್ನಿನ ಒಲೆ ಉರಿಯಬೇಕೆಂದರೂ ಅಮೆರಿಕನ್ನರ ವಿಮಾನವೇ ಬರಬೇಕು. ಟೆಂಪಲ್‌ಹೋಫ್ ನಿಲ್ದಾಣದಲ್ಲಿ ಎವಾಲ್ಡ್ ಕಲ್ಲಿದ್ದಲು ಚೀಲ ಇಳಿಸುತ್ತಿದ್ದ; ಹರಿದ ಚೀಲಗಳನ್ನು ಎಲ್ಫ್ರೀಡ ಹೊಲಿಯುತ್ತಿದ್ದಳು. ಮಿಕ್ಕವರು ವಾರಕ್ಕೊಂದು ತಂದರೆ ಇವನು ದಿನಕ್ಕೆ ಮೂರು ತರುತ್ತಿದ್ದ.

"ನಿನ್ನ ಕೈ ತಾಗಿದ್ದೆಲ್ಲ ಹರಿಯುತ್ತಾ?" ಎಂದು ಅವಳು ಕೆಣಕಿದರೆ, ಮಸಿ ಮುಖದಲ್ಲಿ ಹಲ್ಲಷ್ಟೇ ಬೆಳಗಿಸಿ ನಿಲ್ಲುತ್ತಿದ್ದ. ಸೂಜಿ ನೋಡುವ ನೆಪದಲ್ಲಿ ಬೆರಳು, ಬೆರಳು ನೋಡುವ ನೆಪದಲ್ಲಿ ಕಣ್ಣು.

ಒಂದು ಭಾನುವಾರ ಮಧ್ಯಾಹ್ನ ಅವನನ್ನು ಊಟಕ್ಕೆ ಕರೆದಳು. ಆಲೂಗಡ್ಡೆಯನ್ನು ಗುರುತು ಸಿಗದಷ್ಟು ನುಣ್ಣಗೆ ಮಸೆದಳು. ಒಲೆಯ ಪಕ್ಕದ ಬಕೆಟ್ಟನ್ನು ಮಾತ್ರ ಮರೆತಳು.

ಎವಾಲ್ಡ್ ಬಕೆಟ್ಟಿನೊಳಗಿನ ಸಿಪ್ಪೆಯನ್ನೇ ನೋಡಿದ. "ವಿಮಾನದಲ್ಲಿ ಬರೋದು ಒಣಗಿಸಿದ ಆಲೂಗಡ್ಡೆ, ಫ್ರೀಡ. ಅದಕ್ಕೆ ಸಿಪ್ಪೆ ಇರಲ್ಲ."

ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಊರೊಳಗೆ ಓಡಾಟಕ್ಕೆ ತಡೆಯಿರಲಿಲ್ಲ; ಎರಡು ಬೀದಿ ದಾಟಿದರೆ ರಷ್ಯನ್ನರ ಪಾಲಿನ ಬರ್ಲಿನ್. ಅಲ್ಲಿ ಹೆಸರು ಬರೆಸಿದವರಿಗೆ ಪಡಿತರ ಚೀಟಿ, ತಾಜಾ ಆಲೂಗಡ್ಡೆ; ಅವಳೂ ಬರೆಸಿದ್ದಳು. ಈಚೆಯವರ ಬಾಯಲ್ಲಿ ಅಂಥವರಿಗೆ 'ಮಾರಿಕೊಂಡವರು' ಎಂಬ ಹೆಸರು. ಅಮ್ಮನ ಹೊಟ್ಟೆಗೆ ಒಣಗಿದ್ದು ಒಗ್ಗುವುದಿಲ್ಲ ಎಂದು ತಡವರಿಸಿದಳು.

"ಹೋದ ವಾರ ವಿಮಾನ ಬಿದ್ದು ಸತ್ತ ಪೈಲಟ್ ನಂಗೆ ಸಿಗರೇಟು ಕೊಟ್ಟಿದ್ದ," ಎಂದಷ್ಟೇ ಹೇಳಿ ಟೋಪಿ ತೆಗೆದುಕೊಂಡು ಹೊರಟ. ತಟ್ಟೆ ಹಾಗೇ ಉಳಿಯಿತು.

ಒಳಗಿನಿಂದ ಅಮ್ಮ ಎಲ್ಲ ಕೇಳಿಸಿಕೊಂಡಿದ್ದಳು. "ನನ್ನ ಹೊಟ್ಟೆ ಮೇಲೆ ಹಾಕ್ಬೇಡ ಮಗಳೇ. ನಿಂದೂ ಕೇಳ್ತಿತ್ತು."

ಅದು ನಿಜವಾದ್ದರಿಂದಲೇ ಚುಚ್ಚಿತು. ಮರುದಿನ ಹೋಗಿ ಚೀಟಿ ಹಿಂದಿರುಗಿಸಿದಳು. ಆದರೂ ಹಗುರಾಗಲಿಲ್ಲ. ನಾಲ್ಕು ದಿನ ಎವಾಲ್ಡ್‌ನಿಂದ ಒಂದು ಚೀಲವೂ ಬರಲಿಲ್ಲ. ನನ್ನ ಮುಖ ನೋಡಲೂ ಹೇಸುತ್ತಿದ್ದಾನೆ ಎಂದುಕೊಂಡಳು.

ಐದನೆಯ ದಿನ ಬಂದ. ಕೈಯಲ್ಲೊಂದು ಖಾಲಿ ಚೀಲ. ಅವಳು ತಿರುಗಿಸಿ ಮುರುಗಿಸಿ ನೋಡಿದಳು.

"ಇದು ಹರಿದೇ ಇಲ್ವಲ್ಲ."

"ಹಿಂದಿನವೂ ಹರಿದಿರಲಿಲ್ಲ. ನಾನೇ ಚಾಕು ಹಾಕ್ತಿದ್ದೆ, ನಿನ್ನ ಹತ್ರ ಬರೋದಕ್ಕೆ." ಅವನ ಸ್ವರ ಇಳಿಯಿತು. "ಆ ಪೈಲಟ್ ತಂದ ಚೀಲಕ್ಕೂ. ಎಷ್ಟು ಕಲ್ಲಿದ್ದಲು ಮಣ್ಣುಪಾಲಾಯ್ತೋ. ನಿನ್ನ ಬಕೆಟ್ ನೋಡೋ ಮುಖ ನಂದಲ್ಲ, ಫ್ರೀಡ."

ಅವಳಿಗೆ ನಗುವೂ ಬಂತು, ಅಳುವೂ ಬಂತು, ಎರಡನ್ನೂ ನುಂಗಿಕೊಂಡಳು. "ಚೀಟಿ ವಾಪಸ್ ಕೊಟ್ಟೆ. ಭಾನುವಾರ ಸಿಪ್ಪೆ ಇಲ್ಲದ್ದೇ ಊಟ. ಬರ್ತೀಯಾ?"

ಅವನು ಜೇಬಿನಿಂದ ಚಾಕು ತೆಗೆದು ಅವಳ ಮಡಿಲಲ್ಲಿಟ್ಟ. "ಇದು ಇನ್ನು ನಿನ್ನ ಹತ್ರಾನೇ ಇರಲಿ. ನಾನು ಸುಮ್ಮನೇ ಬರ್ತೀನಿ."

ಅವಳು ಮೊದಲೇ ಹೊಲಿಯುತ್ತಿದ್ದ ಚೀಲದ ಹೊಲಿಗೆಗೆ ಗಂಟು ಹಾಕಿ, ಅದೇ ಚಾಕುವಿನಿಂದ ದಾರ ಕತ್ತರಿಸಿದಳು.